ಬಿಳಿ ಹೋಗಿ ಹಳದಿ ಬಂದ ಬಗೆ: ಬ್ರೆಜಿಲ್ ಜೆರ್ಸಿಯ ಕುರಿತ ಪ್ರಶ್ನೆಗೆ ಉತ್ತರ

ಪ್ರಶ್ನೆ: 1950ರ ವಿಶ್ವಕಪ್ ಸೋತ ಮರುದಿನವೇ ಬ್ರೆಜಿಲ್ ತಂಡ ತನ್ನ ಬಿಳಿ ಜೆರ್ಸಿಯನ್ನು ಸುಟ್ಟುಹಾಕಿ ಹಳದಿ ಜೆರ್ಸಿ ತೊಟ್ಟಿತು, ಅಲ್ಲಿಂದಲೇ ಅದರ ಅದೃಷ್ಟ ಖುಲಾಯಿಸಿತು ಎಂದು ನಮ್ಮ ಬಡಾವಣೆಯ ಹಿರಿಯರೊಬ್ಬರು ಹೇಳುತ್ತಿರುತ್ತಾರೆ. ಇದು ಎಷ್ಟರಮಟ್ಟಿಗೆ ನಿಜ? ಇನ್ನೊಂದು ಸಂದೇಹವೂ ಇದೆ. ಬ್ರೆಜಿಲ್‌ನ ಧ್ವಜದಲ್ಲಿ ಕಣ್ಣಿಗೆ ಮೊದಲು ಕಾಣುವುದು ಹಸಿರು. ಹಾಗಿರುವಾಗ ಅಂಗಿ ಹಸಿರಾಗದೆ ಹಳದಿಯಾದದ್ದೇಕೆ? ಈ ಸಲದ ಟೂರ್ನಿಗೆ ನಮ್ಮ ಹುಡುಗರ ತಂಡಕ್ಕೆ ಹಳೆಯ ಕಾಲದ ಬ್ರೆಜಿಲ್ ಜೆರ್ಸಿಯನ್ನೇ ಹೊಲಿಸಬೇಕೆಂದಿದ್ದೇವೆ. ಅದು ಹೇಗಿರಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ. (ಗೌತಮಪುರ, ಬೆಂಗಳೂರು)

ಉತ್ತರ: ನಿಮ್ಮ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ; ಅಂಥ ಬಡಾವಣೆಯ ಹಿರಿಯರ ಮಾತನ್ನು ತಳ್ಳಿಹಾಕಲು ನನಗೂ ಸ್ವಲ್ಪ ಅಳುಕು. ಸೋತದ್ದು ನಿಜ, ಅಂಗಿ ಬದಲಾದದ್ದು ನಿಜ, ಸೋಲಿಗೂ ಬದಲಾವಣೆಗೂ ಸಂಬಂಧವಿದೆ ಎಂಬುದೂ ನಿಜ. ಆದರೆ ಅವರ ಮಾತಿನಲ್ಲಿರುವ ‘ಮರುದಿನ’, ‘ಸುಟ್ಟದ್ದು’ ಮತ್ತು ‘ಅದೃಷ್ಟ’ ಎಂಬ ಮೂರು ಸಂಗತಿಗಳು ನಡೆದದ್ದಕ್ಕೆ ಹೊಂದುವುದಿಲ್ಲ. ಸೋಲು ಸಂಭವಿಸಿದ್ದು 1950ರ ಜುಲೈನಲ್ಲಿ, ರಿಯೊ ಡಿ ಜನೈರೊದ ಮರಕಾನಾ ಕ್ರೀಡಾಂಗಣದಲ್ಲಿ, ಉರುಗ್ವೆಯ ಕೈಯಲ್ಲಿ. ಅದೇ ಕ್ರೀಡಾಂಗಣದ ಪ್ರೇಕ್ಷಕರು ತಮ್ಮ ತಂಡವನ್ನು ಹಳದಿಯಲ್ಲಿ ಕಂಡದ್ದು 1954ರ ಮಾರ್ಚ್‌ನಲ್ಲಿ. ನಡುವಿನ ಮೂರು ವರ್ಷ ಎಂಟು ತಿಂಗಳಲ್ಲಿ ಆ ‘ಶಾಪಗ್ರಸ್ತ’ ಬಿಳಿ ಅಂಗಿಯಲ್ಲೇ ತಂಡ ಆಡಿತು, ಗೆದ್ದಿತು, ಮತ್ತೆ ಸೋತಿತು.

ಮೊದಲು ಬಿಳಿ ಅಂಗಿಯ ಪೂರ್ವಕಥೆ. 1914ರ ಜುಲೈ 21ರಂದು ರಿಯೊ ಡಿ ಜನೈರೊದಲ್ಲಿ, ಫ್ಲುಮಿನೆನ್ಸೆ ಕ್ಲಬ್ಬಿನ ಮೈದಾನದಲ್ಲಿ, ಇಂಗ್ಲೆಂಡಿನಿಂದ ಪ್ರವಾಸ ಬಂದಿದ್ದ ಎಕ್ಸೆಟರ್ ಸಿಟಿ ಎಂಬ ಕ್ಲಬ್ಬಿನ ವಿರುದ್ಧ 2-0 ಗೋಲುಗಳಿಂದ ಗೆದ್ದ ಆಟವನ್ನು ಬ್ರೆಜಿಲ್ ತನ್ನ ರಾಷ್ಟ್ರೀಯ ತಂಡದ ಮೊದಲ ಪಂದ್ಯವೆಂದು ಲೆಕ್ಕಕ್ಕೆ ಹಿಡಿಯುತ್ತದೆ. ಅಂದು ತೊಟ್ಟದ್ದು ಬಿಳಿ. ಆದರೆ ಆ ಕಾಲದಲ್ಲಿ ಬಣ್ಣಕ್ಕೆ ಇಂದಿನ ಮಡಿ ಇರಲಿಲ್ಲ. 1917ರಲ್ಲಿ ಮಾಂಟೆವಿಡಿಯೊದಲ್ಲಿ ನಡೆದ ದಕ್ಷಿಣ ಅಮೆರಿಕ ಚಾಂಪಿಯನ್‌ಷಿಪ್‌ನಲ್ಲಿ ಎದುರಾಳಿಯ ಬಣ್ಣದೊಂದಿಗೆ ಗೊಂದಲವಾಗದಿರಲೆಂದು ಬ್ರೆಜಿಲ್ ಕೆಂಪು ಅಂಗಿ ತೊಟ್ಟಿತು. 1919ರಲ್ಲಿ ರಿಯೊದಲ್ಲಿ ನಡೆದ ಅದೇ ಚಾಂಪಿಯನ್‌ಷಿಪ್‌ಗೆ ಬಂದಿದ್ದ ಉರುಗ್ವೆಯ ಗೋಲ್‌ಕೀಪರ್ ರಾಬರ್ಟೊ ಚೆರಿ ಆಟದಲ್ಲಾದ ಪೆಟ್ಟಿನಿಂದ ಅಲ್ಲೇ ತೀರಿಕೊಂಡಾಗ, ಅವನ ನೆನಪಿಗೆ ಅರ್ಜೆಂಟೀನಾದೊಂದಿಗೆ ಆಡಿದ ಪಂದ್ಯದಲ್ಲಿ ಬ್ರೆಜಿಲ್ ಆಟಗಾರರು ಅವನ ಕ್ಲಬ್ಬಾದ ಪೆನ್ಯರೋಲ್‌ನ ಹಳದಿ-ಕಪ್ಪು ಅಂಗಿಯನ್ನು ಹಾಕಿಕೊಂಡು ಇಳಿದರು. ಬ್ರೆಜಿಲ್ ಹಳದಿ ತೊಟ್ಟ ಅತಿ ಹಳೆಯ ಪ್ರಸಂಗಗಳಲ್ಲೊಂದು ಹೀಗೆ ಒಬ್ಬ ಉರುಗ್ವೆಯವನ ಗೌರವಾರ್ಥವಾಗಿ ನಡೆದಿತ್ತೆಂಬುದನ್ನು ನೆನಪಿನಲ್ಲಿಡಿ. ಉರುಗ್ವೆ ಈ ಕಥೆಯಲ್ಲಿ ಮತ್ತೆ ಮತ್ತೆ ಬರಲಿದೆ. ಆ ವರ್ಷದ ಪ್ರಶಸ್ತಿಯನ್ನು ನಿರ್ಣಾಯಕ ಪಂದ್ಯದಲ್ಲಿ ಫ್ರಿಡೆನ್‌ರೈಕ್ ಹೊಡೆದ ಏಕೈಕ ಗೋಲಿನಿಂದ ಉರುಗ್ವೆಯನ್ನೇ ಮಣಿಸಿ ಬ್ರೆಜಿಲ್ ಗೆದ್ದುಕೊಂಡಿತು. ಅದು ದೇಶದ ಮೊದಲ ದೊಡ್ಡ ಪ್ರಶಸ್ತಿ. ಅದನ್ನು ತಂದುಕೊಟ್ಟದ್ದು ಬಿಳಿ ಅಂಗಿ. ಅಲ್ಲಿಂದ ಬಿಳಿಯೇ ರೂಢಿಯಾಯಿತು. 1938ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಪೋಲೆಂಡನ್ನು 6-5ರಿಂದ ಸೋಲಿಸಿದ ವಿಶ್ವಕಪ್ ಪಂದ್ಯದಲ್ಲಿ ತಿಳಿನೀಲಿ ತೊಟ್ಟದ್ದುಂಟು, ಆದರೆ ಅದು ಆ ಹೊತ್ತಿನ ಅನಿವಾರ್ಯ ಮಾತ್ರ.

1950ರ ಜುಲೈ 16ರ ಪಂದ್ಯವನ್ನು ನಾನು ಇಲ್ಲಿ ವಿವರಿಸಬೇಕಾಗಿಲ್ಲ. ನಿಮ್ಮ ಹಿರಿಯರಿಗೆ ಅದು ಬಾಯಿಪಾಠವಾಗಿರಬಹುದು. ಕಪ್ ಗೆಲ್ಲಲು ಬ್ರೆಜಿಲ್‌ಗೆ ಡ್ರಾ ಸಾಕಿತ್ತು. ಎರಡನೆಯ ಅವಧಿಯ ಆರಂಭದಲ್ಲೇ ಫ್ರಿಯಾಸಾ ಗೋಲು ಹೊಡೆದನು. ಉರುಗ್ವೆಯ ಸ್ಕಿಯಾಫಿನೊ ಸಮ ಮಾಡಿದನು. 79ನೆಯ ನಿಮಿಷದಲ್ಲಿ ಉರುಗ್ವೆಯ ಗಿಗ್ಗಿಯಾ ಬಲಬದಿಯಿಂದ ನುಗ್ಗಿ ಬ್ರೆಜಿಲ್‌ನ ಗೋಲ್‌ಕೀಪರ್ ಬಾರ್ಬೋಸಾ ಮತ್ತು ಹತ್ತಿರದ ಕಂಬದ ನಡುವಿನ ಸಂದಿನಲ್ಲಿ ಚೆಂಡನ್ನು ತೂರಿಸಿದನು. ಟಿಕೆಟ್ ಕೊಂಡವರೇ 1,73,850 ಮಂದಿ ಇದ್ದ ಮೈದಾನ ಮೌನವಾಯಿತು. ಅಂದು ಬ್ರೆಜಿಲ್ ತೊಟ್ಟಿದ್ದದ್ದು ನೀಲಿ ಕಾಲರಿನ ಬಿಳಿ ಅಂಗಿ.

ಸೋಲಿನ ಹೊಣೆಯನ್ನು ಜನ ಮೊದಲು ಹೊರಿಸಿದ್ದು ಅಂಗಿಯ ಮೇಲಲ್ಲ, ಆಟಗಾರರ ಮೇಲೆ. ಅದರಲ್ಲೂ ಕಪ್ಪುವರ್ಣದ ಬಾರ್ಬೋಸಾ 2000ದಲ್ಲಿ ಸಾಯುವವರೆಗೂ ಆ ಒಂದು ಗೋಲಿನ ಭಾರವನ್ನು ಹೊತ್ತು ಬದುಕಬೇಕಾಯಿತು. ಸುಟ್ಟದ್ದರ ಬಗೆಗೂ ಬ್ರೆಜಿಲ್‌ನಲ್ಲಿ ಒಂದು ಕಥೆ ಪ್ರಚಲಿತವಾಗಿದೆ. ಆದರೆ ಅದು ಅಂಗಿಯ ಕಥೆಯಲ್ಲ. ಮರಕಾನಾದ ಹಳೆಯ ಮರದ ಗೋಲುಕಂಬಗಳನ್ನು ತೆಗೆದು ಹೊಸದನ್ನು ನೆಟ್ಟಾಗ ಹಳೆಯವು ಬಾರ್ಬೋಸಾನ ಕೈಸೇರಿದವೆಂದೂ, ಅವನು ಅವುಗಳನ್ನು ಸೌದೆ ಮಾಡಿ ಸ್ನೇಹಿತರಿಗೆ ಮಾಂಸ ಸುಟ್ಟು ಬಡಿಸಿದನೆಂದೂ ಹೇಳುತ್ತಾರೆ. ಬಾಯಿಂದ ಬಾಯಿಗೆ ಬರುವಾಗ ಕಂಬ ಅಂಗಿಯಾಗಿ, ಬಾರ್ಬೋಸಾ ತಂಡವಾಗಿ, ನಿಮ್ಮ ಬಡಾವಣೆಯನ್ನು ಮುಟ್ಟುವ ಹೊತ್ತಿಗೆ ಈ ರೂಪ ತಾಳಿರಬಹುದೆಂದು ನನ್ನ ಊಹೆ.

ಇನ್ನು ‘ಮರುದಿನ’ದ ಮಾತು. 1952ರಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ನಡೆದ ಪ್ಯಾನ್ ಅಮೆರಿಕನ್ ಚಾಂಪಿಯನ್‌ಷಿಪ್‌ನಲ್ಲಿ ಬ್ರೆಜಿಲ್ ಅದೇ ಬಿಳಿ ಅಂಗಿಯಲ್ಲಿ ಆಡಿ, ಉರುಗ್ವೆಯನ್ನು 4-2ರಿಂದ ಸೋಲಿಸಿ, ಪ್ರಶಸ್ತಿಯನ್ನೂ ಗೆದ್ದಿತು. ಹೊರದೇಶದ ನೆಲದಲ್ಲಿ ತಂಡ ಗೆದ್ದ ಮೊದಲ ಮುಖ್ಯ ಪ್ರಶಸ್ತಿ ಅದೇ. ಮರುವರ್ಷ ಲಿಮಾದಲ್ಲಿ ದಕ್ಷಿಣ ಅಮೆರಿಕ ಚಾಂಪಿಯನ್‌ಷಿಪ್‌ನ ನಿರ್ಣಾಯಕ ಪಂದ್ಯವನ್ನು ಪರಾಗ್ವೆಗೆ 2-3ರಿಂದ ಸೋತಾಗ, ಹಳೆಯ ಗಾಯ ಮತ್ತೆ ಕೆದರಿತು. ನನ್ನ ಅಭಿಪ್ರಾಯದಲ್ಲಿ ಅಂಗಿಯ ಪ್ರಶ್ನೆ ಗಂಭೀರವಾಗಿ ಎದ್ದದ್ದು ಮರಕಾನಾದ ಒಂದೇ ಸೋಲಿನಿಂದಲ್ಲ, ಅದರ ನೆರಳಿನಲ್ಲಿ ಬಂದ ಈ ಎರಡನೆಯ ನಿರಾಶೆ ಸೇರಿದಾಗ. ರಿಯೊದ ‘ಕೊರೇಯೊ ದ ಮನ್ಯಾ’ ಎಂಬ ದಿನಪತ್ರಿಕೆ ಆಗ ಎತ್ತಿದ ಆಕ್ಷೇಪವೂ ಅಪಶಕುನದ್ದಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಬಿಳಿ ಬಣ್ಣದಲ್ಲಿ ಬ್ರೆಜಿಲ್ ಎಂಬ ದೇಶವೇ ಕಾಣುವುದಿಲ್ಲ, ಅದನ್ನು ತೊಟ್ಟವನಲ್ಲಿ ತಾನು ನಾಡಿನ ಪರವಾಗಿ ಆಡುತ್ತಿದ್ದೇನೆಂಬ ಭಾವನೆಯನ್ನು ಅದು ಹುಟ್ಟಿಸುವುದಿಲ್ಲ ಎಂಬುದು ಅದರ ವಾದ. ಪತ್ರಿಕೆಯು ಆಗಿನ ಬ್ರೆಜಿಲ್ ಕ್ರೀಡಾ ಒಕ್ಕೂಟವಾದ ಸಿಬಿಡಿಯ ಒಪ್ಪಿಗೆ ಪಡೆದು 1953ರಲ್ಲಿ ಹೊಸ ಪೋಷಾಕಿನ ವಿನ್ಯಾಸಕ್ಕಾಗಿ ಸಾರ್ವಜನಿಕ ಸ್ಪರ್ಧೆಯನ್ನು ಏರ್ಪಡಿಸಿತು. ಷರತ್ತು ಒಂದೇ: ಧ್ವಜದ ಹಸಿರು, ಹಳದಿ, ನೀಲಿ ಮತ್ತು ಬಿಳಿ ಈ ನಾಲ್ಕೂ ಬಣ್ಣಗಳು ಪೋಷಾಕಿನಲ್ಲಿರಬೇಕು. ಗೆದ್ದ ಪೋಷಾಕನ್ನು ತಂಡ 1954ರ ವಿಶ್ವಕಪ್‌ನಲ್ಲಿ ತೊಡುವುದೆಂದು ನಿಶ್ಚಯವಾಗಿತ್ತು.

ಗೆದ್ದವನು ಹತ್ತೊಂಬತ್ತು ವರ್ಷದ ಅಲ್ದೀರ್ ಗಾರ್ಸಿಯಾ ಶ್ಲೀ. ದೇಶದ ದಕ್ಷಿಣ ತುದಿಯ ರಿಯೊ ಗ್ರಾಂಡೆ ದೊ ಸುಲ್ ರಾಜ್ಯದ ಪೆಲೊಟಾಸ್ ನಗರದಲ್ಲಿದ್ದುಕೊಂಡು ಪತ್ರಿಕೆಗೆ ಚಿತ್ರ ಬರೆದುಕೊಡುತ್ತಿದ್ದ ಹುಡುಗ. ಅವನು ಹುಟ್ಟಿದ್ದು ಜಾಗ್ವರಾವ್ ಎಂಬ ಗಡಿಯೂರಿನಲ್ಲಿ. ಊರಿನ ಅಂಚಿನ ಹೊಳೆಯ ಸೇತುವೆ ದಾಟಿದರೆ ಉರುಗ್ವೆ. ಎರಡು ದೇಶಗಳ ಭಾಷೆ, ಊಟ, ಆಟ ಎಲ್ಲವೂ ಬೆರೆತ ಸೀಮೆ ಅದು. ನಮ್ಮ ಬೆಳಗಾವಿ, ಕಾಸರಗೋಡು, ಬಳ್ಳಾರಿಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶ್ಲೀ ಮುಂದೆ ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಕಥೆ ಬರೆದು, ಅನುವಾದ ಮಾಡಿ, ಪ್ರಾಧ್ಯಾಪಕನಾಗಿ ಹೆಸರು ಗಳಿಸಿದನು. ಜಗತ್ತಿನ ಅತ್ಯಂತ ಪ್ರಸಿದ್ಧ ಬ್ರೆಜಿಲ್ ಅಂಗಿಯನ್ನು ಚಿತ್ರಿಸಿದ ಆತ ಫುಟ್‌ಬಾಲ್‌ನಲ್ಲಿ ಮಾತ್ರ ಜೀವನವಿಡೀ ಉರುಗ್ವೆಯ ಅಭಿಮಾನಿಯಾಗಿದ್ದನು ಮತ್ತು ಅದನ್ನು ಮುಚ್ಚಿಟ್ಟವನೂ ಅಲ್ಲ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವಿರುವುದು ಈ ಹುಡುಗನ ಮೇಜಿನ ಮೇಲೆ. ನಾಲ್ಕು ಬಣ್ಣಗಳ ಷರತ್ತು ಓದಲು ಸುಲಭ, ಚಿತ್ರಿಸಲು ಬಲು ಕಷ್ಟ. ಎರಡು ಬಣ್ಣ ಹೊಂದಿಕೊಳ್ಳುತ್ತವೆ, ಮೂರನ್ನು ಹೇಗೋ ನಿಭಾಯಿಸಬಹುದು, ನಾಲ್ಕನ್ನೂ ಒಂದೇ ಅಂಗಿಯ ಮೇಲೆ ಪಟ್ಟೆಯಾಗಿಯೋ ಚೌಕಳಿಯಾಗಿಯೋ ಹಾಕಿದರೆ ಅದು ಜಾತ್ರೆಯ ತೋರಣದಂತಾಗುತ್ತದೆ. ಶ್ಲೀ ನೂರಕ್ಕೂ ಹೆಚ್ಚು ಬಗೆಗಳನ್ನು ಬರೆದು ನೋಡಿದ ಮೇಲೆ ಬಣ್ಣಗಳನ್ನು ಎರಡು ಜೋಡಿಯಾಗಿ ಬೇರ್ಪಡಿಸಿದನು. ನೀಲಿ ಮತ್ತು ಬಿಳಿ ಒಂದಕ್ಕೊಂದು ಸಹಜವಾಗಿ ಒಪ್ಪುವ ಬಣ್ಣಗಳಾದ್ದರಿಂದ ಅವೆರಡನ್ನೂ ಚಡ್ಡಿಗೆ ಇಳಿಸಿದನು: ನೀಲಿ ಚಡ್ಡಿ, ಬದಿಯಲ್ಲಿ ಬಿಳಿಯ ಉದ್ದಪಟ್ಟಿ. ಉಳಿದ ಹಸಿರು ಮತ್ತು ಹಳದಿ, ಅಂದರೆ ಬ್ರೆಜಿಲ್ ಎಂದೊಡನೆ ನೆನಪಾಗುವ ಜೋಡಿ, ಅಂಗಿಗೆ ಬಂದವು. ಅವುಗಳಲ್ಲಿ ಯಾವುದು ಮೈ, ಯಾವುದು ಅಂಚು ಎಂಬುದಷ್ಟೇ ಬಾಕಿ. ಮೈ ಹಳದಿಯಾಗಿ ಕಾಲರ್ ಮತ್ತು ತೋಳಿನ ಅಂಚು ಹಸಿರಾದವು. ಹುಲ್ಲಿನ ಮೈದಾನದ ಮೇಲೆ ಹಸಿರು ಅಂಗಿಯ ಹನ್ನೊಂದು ಮಂದಿಯನ್ನು ಕಲ್ಪಿಸಿಕೊಂಡು ನೋಡಿದರೆ ಈ ಆಯ್ಕೆಯ ಜಾಣತನ ತಾನಾಗಿ ತಿಳಿಯುತ್ತದೆ. ನೀಲಿ ಚಡ್ಡಿಯ ಮೇಲೆ ಹಸಿರು ಅಂಗಿ ಮಂಕಾಗಿ ಕಾಣುತ್ತದೆ ಎಂಬುದನ್ನೂ ಯಾವ ದರ್ಜಿಯಾದರೂ ಹೇಳಬಲ್ಲ. ಕಾಲುಚೀಲ ಬಿಳಿ, ಅದರ ಮೇಲ್ತುದಿಗೆ ಹಸಿರು-ಹಳದಿಯ ಗೆರೆ.

ಹಸಿರೆಂದರೆ ಅಮೆಜಾನಿನ ಕಾಡು, ಹಳದಿಯೆಂದರೆ ನೆಲದೊಳಗಿನ ಚಿನ್ನ ಎಂದು ಅಲ್ಲಿನ ಮಕ್ಕಳಿಗೆ ಹೇಳಿಕೊಡುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಈ ಅರ್ಥ ಹಚ್ಚಿದ್ದು ತರುವಾಯ. 1822ರಲ್ಲಿ ಸ್ವತಂತ್ರ ಸಾಮ್ರಾಜ್ಯವಾದಾಗ ಧ್ವಜಕ್ಕೆ ಬಂದ ಹಸಿರು ಚಕ್ರವರ್ತಿ ಒಂದನೆಯ ಪೆಡ್ರೊನ ಬ್ರಗಾಂಸಾ ಮನೆತನದ್ದು, ಹಳದಿ ಅವನ ಪತ್ನಿ ಲಿಯೊಪೋಲ್ದಿನಾಳ ತವರಾದ ಆಸ್ಟ್ರಿಯಾದ ಹಾಬ್ಸ್‌ಬರ್ಗ್ ಮನೆತನದ್ದು. 1889ರಲ್ಲಿ ಅರಸೊತ್ತಿಗೆ ಹೋಗಿ ಗಣರಾಜ್ಯ ಬಂದಾಗ ರಾಜಲಾಂಛನವನ್ನು ತೆಗೆದು ನೀಲಿ ಗೋಲ ಇಟ್ಟರೇ ಹೊರತು ಹಸಿರು ಹಿನ್ನೆಲೆಯನ್ನೂ ಹಳದಿ ವಜ್ರಾಕೃತಿಯನ್ನೂ ಮುಟ್ಟಲಿಲ್ಲ. ಹಾಗಾಗಿ ಪೆಲೆ ತೊಟ್ಟ ಹಳದಿ, ವಂಶದ ಲೆಕ್ಕದಲ್ಲಿ ನೋಡಿದರೆ, ವಿಯೆನ್ನಾದಿಂದ ಬಂದ ಸೊಸೆಯ ತವರಿನ ಬಣ್ಣ.

ಈಗ ಅದೃಷ್ಟದ ವಿಚಾರ. 1954ರ ಮಾರ್ಚ್ 14ರಂದು, ನಾಲ್ಕು ವರ್ಷಗಳ ಹಿಂದೆ ಸೋತಿದ್ದ ಮರಕಾನಾದಲ್ಲೇ, ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಹಳದಿ ಅಂಗಿಯ ಬ್ರೆಜಿಲ್ ಚಿಲಿಯನ್ನು ಬಾಲ್ತಜಾರ್‌ನ ಗೋಲಿನಿಂದ 1-0ರಲ್ಲಿ ಸೋಲಿಸಿತು. ಆದರೆ ಮೂರೇ ತಿಂಗಳಲ್ಲಿ, ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ, ಹಂಗರಿಯ ಕೈಯಲ್ಲಿ 2-4ರಿಂದ ಸೋತು, ಮೈದಾನದಲ್ಲೂ ಆಚೆಯೂ ಹೊಡೆದಾಡಿ ಹೆಸರು ಕೆಡಿಸಿಕೊಂಡು ಕ್ವಾರ್ಟರ್ ಫೈನಲ್‌ನಲ್ಲೇ ಮನೆಗೆ ಹೊರಟಿತು. ಹಳದಿಯ ಮೊದಲ ವಿಶ್ವಕಪ್ ಫಲ ಇದು.

1958ರ ಸಂಗತಿ ಇನ್ನೂ ಸ್ವಾರಸ್ಯದ್ದು. ನಿಮ್ಮ ಹಿರಿಯರ ಮಾತಿಗೆ ನಾನು ಕೊಡಬಹುದಾದ ದೊಡ್ಡ ಉತ್ತರವೂ ಇದೇ: ಬ್ರೆಜಿಲ್ ತನ್ನ ಮೊದಲ ವಿಶ್ವಕಪ್ಪನ್ನು ಗೆದ್ದದ್ದು ಹಳದಿ ಅಂಗಿಯಲ್ಲಿ ಅಲ್ಲ. ಜೂನ್ 29ರ ಫೈನಲ್‌ನಲ್ಲಿ ಎದುರಾಳಿಯಾಗಿದ್ದ ಆತಿಥೇಯ ಸ್ವೀಡನ್ನಿನ ಅಂಗಿಯೂ ಹಳದಿಯೇ. ಯಾರು ಬಣ್ಣ ಬದಲಾಯಿಸಬೇಕೆಂದು ಚೀಟಿ ಎತ್ತಿದಾಗ ಬದಲಾಯಿಸುವ ಪಾಳಿ ಬ್ರೆಜಿಲ್‌ಗೆ ಬಂತು. ಕೈಯಲ್ಲಿ ಬೇರೆ ಅಂಗಿಗಳಿರಲಿಲ್ಲ. ಸ್ಟಾಕ್‌ಹೋಮ್‌ನ ಅಂಗಡಿಯಲ್ಲಿ ನೀಲಿ ಅಂಗಿಗಳನ್ನು ಕೊಂಡು ತಂದು, ಹಳದಿ ಅಂಗಿಗಳಿಂದ ಲಾಂಛನಗಳನ್ನು ಬಿಚ್ಚಿ ಅವುಗಳ ಮೇಲೆ ಹೊಲಿದರು. ಆಟಗಾರರ ಮುಖ ಬಾಡಿತ್ತು. ಆಗ ನಿಯೋಗದ ಮುಖ್ಯಸ್ಥ ಪೌಲೊ ಮಚಾದೊ ದೆ ಕಾರ್ವಾಲ್ಯೊ ಅವರ ಬಳಿಗೆ ಹೋಗಿ, ನೀಲಿಯೆಂದರೆ ಬ್ರೆಜಿಲ್‌ನ ಪಾಲಕಿ ಅಪಾರೆಸೀಡಾ ಮಾತೆಯ ಮೇಲುಹೊದಿಕೆಯ ಬಣ್ಣ, ಇದರಲ್ಲೇ ನಾವು ಗೆಲ್ಲುತ್ತೇವೆ ಎಂಬರ್ಥದ ಮಾತು ಹೇಳಿ ಧೈರ್ಯ ತುಂಬಿದನು. 5-2ರಿಂದ ಗೆದ್ದರು; ಹದಿನೇಳು ವರ್ಷದ ಪೆಲೆ ಎರಡು ಗೋಲು ಹೊಡೆದನು. ಬಣ್ಣ ಆಟ ಗೆಲ್ಲಿಸುವುದಿಲ್ಲ, ಆದರೆ ಬಣ್ಣದ ಬಗೆಗಿನ ಭಯವನ್ನು ಕಳೆಯಬಲ್ಲ ಒಬ್ಬ ಚತುರ ಹಿರಿಯನಿದ್ದರೆ ಅರ್ಧ ಕೆಲಸವಾಗುತ್ತದೆ. ಎರಡನೆಯ ಜೆರ್ಸಿಯಾಗಿ ನೀಲಿ ಇಂದಿಗೂ ಉಳಿದಿರುವುದರ ಹಿಂದೆ ಆ ದಿನದ ನೆನಪಿದೆ. ಹಳದಿಯಲ್ಲಿ ಕಪ್ ಗೆದ್ದದ್ದು 1962ರಲ್ಲಿ, ಸ್ಯಾಂಟಿಯಾಗೊದಲ್ಲಿ.

ಹಾಗಾದರೆ ಹಳದಿ ಇಷ್ಟು ದೊಡ್ಡದಾದದ್ದು ಯಾವಾಗ? ನನ್ನ ಉತ್ತರ: 1970ರಲ್ಲಿ, ಅದೂ ಟಿವಿಯಿಂದ. ಕಪ್ಪು-ಬಿಳುಪು ಚಿತ್ರದಲ್ಲಿ ಹಳದಿ ಬಣ್ಣ ತಿಳಿ ಬೂದಿಯಂತೆ, ಬಹುತೇಕ ಬಿಳಿಯಂತೆಯೇ ಕಾಣುತ್ತದೆ. 1954ರಿಂದ 1966ರವರೆಗಿನ ವಿಶ್ವಕಪ್‌ಗಳನ್ನು ಸುದ್ದಿಚಿತ್ರಗಳಲ್ಲೂ ಟಿವಿಯಲ್ಲೂ ನೋಡಿದ ಕೋಟ್ಯಂತರ ಜನರ ಕಣ್ಣಿಗೆ ಬ್ರೆಜಿಲ್ ಇನ್ನೂ ಮಾಸಲು ಬಿಳಿ ಅಂಗಿಯ ತಂಡವಾಗಿಯೇ ಇತ್ತೆಂದರೆ ತಪ್ಪಾಗದು. ಮೆಕ್ಸಿಕೊದ 1970ರ ವಿಶ್ವಕಪ್ ಬಣ್ಣದಲ್ಲಿ ಜಗತ್ತಿಗೆ ಪ್ರಸಾರವಾದ ಮೊದಲನೆಯದು. ಯೂರೋಪಿನ ವೀಕ್ಷಕರ ಅನುಕೂಲಕ್ಕೆ ಎಷ್ಟೋ ಪಂದ್ಯಗಳನ್ನು ಸುಡುಬಿಸಿಲಿನ ನಡುಹಗಲಲ್ಲಿ ಆಡಿಸಿದರು. ಆ ಬಿಸಿಲಿಗೆ ಹಳದಿ ಹತ್ತಿಬಟ್ಟೆ ಹೊಳೆದ ಹೊಳಪು, ಜತೆಗೆ ಪೆಲೆ, ಜೈರ್ಜಿನ್ಯೊ, ತೊಸ್ತಾವ್, ರಿವೆಲಿನೊ, ಗೆರ್ಸನ್ ಒಂದೇ ತಂಡದಲ್ಲಿ ಆಡಿದ ಆಟ, ಎರಡೂ ಸೇರಿ ಒಂದು ಬಣ್ಣವನ್ನು ಒಂದು ಬಗೆಯ ಫುಟ್‌ಬಾಲ್‌ನ ಹೆಸರನ್ನಾಗಿಸಿದವು. ಫೈನಲ್‌ನಲ್ಲಿ ಇಟಲಿಯ ವಿರುದ್ಧ 4-1. ಅದೇ ಶ್ಲೀ ಚಿತ್ರಿಸಿದ ಅಂಗಿ. ಕಾಲರ್ ಮಾತ್ರ ಉರುಟಾಗಿತ್ತು. ಆ ಪಂದ್ಯದ ಪೆಲೆಯ ಅಂಗಿ 2002ರಲ್ಲಿ ಲಂಡನ್ನಿನ ಹರಾಜಿನಲ್ಲಿ 1,57,750 ಪೌಂಡಿಗೆ ಹೋಯಿತು. ನಮ್ಮ ಕಡೆಯ ಹಲವರು ಆ ಹಳದಿಯನ್ನು ಬಣ್ಣದ ಪರದೆಯ ಮೇಲೆ ಕಂಡದ್ದು 1986ರಲ್ಲಿ, ದೂರದರ್ಶನದ ಕೃಪೆಯಿಂದ. ಬ್ರೆಜಿಲ್‌ನಲ್ಲಿ ಇದನ್ನು ಪ್ರೀತಿಯಿಂದ ‘ಅಮಾರೆಲಿನ್ಯಾ’ ಎನ್ನುತ್ತಾರೆ. ‘ಪುಟ್ಟ ಹಳದಿ’ ಎಂದು ಅರ್ಥ.

ಅಂಗಿ ಹೊಲಿದುಕೊಟ್ಟ ಕಂಪನಿಗಳ ಕಥೆಯಲ್ಲಿ ಅಷ್ಟು ರಸವಿಲ್ಲ. 1970ರಲ್ಲಿ ಸ್ವದೇಶದ ಅಥ್ಲೆಟಾ, 1978ರಲ್ಲಿ ಅಡಿಡಾಸ್, 1982ರಿಂದ 1990ರ ವಿಶ್ವಕಪ್‌ಗಳವರೆಗೆ ಟಾಪರ್, 1994ರಲ್ಲಿ ಅಂಬ್ರೊ, 1998ರ ವಿಶ್ವಕಪ್‌ನಿಂದ ಈಚೆಗೆ ನೈಕಿ. ಕಾಲರ್ ಉರುಟೋ ಚೂಪೋ, ಹಸಿರು ಅಂಚು ದಪ್ಪವೋ ತೆಳುವೋ, ಹಳದಿ ನಿಂಬೆಯ ಬಣ್ಣವೋ ಮಾಗಿದ ಮಾವಿನದೋ ಎಂಬಷ್ಟೇ ವ್ಯತ್ಯಾಸ. ಒಂದು ತಮಾಷೆಯನ್ನು ಮಾತ್ರ ಬಿಡಲಾರೆ. 1979ರಲ್ಲಿ ಸಿಬಿಡಿಯ ಜಾಗಕ್ಕೆ ಫುಟ್‌ಬಾಲ್‌ಗೆಂದೇ ಸಿಬಿಎಫ್ ಸ್ಥಾಪನೆಯಾದ ಮೇಲೆ, 1982ರ ಅಂಗಿಯ ಲಾಂಛನದಲ್ಲಿ ಜೂಲ್ಸ್ ರಿಮೆ ಕಪ್ಪಿನ, ಅಂದರೆ ಹಳೆಯ ವಿಶ್ವಕಪ್ ಟ್ರೋಫಿಯ, ಪಕ್ಕದಲ್ಲೇ ಒಂದು ಕಾಫಿ ರೆಂಬೆ ಸೇರಿಕೊಂಡಿತ್ತು. ಅಂಗಿಯ ಮೇಲೆ ಜಾಹೀರಾತಿಗೆ ಅವಕಾಶವಿರಲಿಲ್ಲವಾದ್ದರಿಂದ ದೇಶದ ಕಾಫಿ ಮಂಡಳಿಯ ಗುರುತು ಲಾಂಛನದ ವೇಷದಲ್ಲೇ ಒಳಹೊಕ್ಕಿತು. ಕೊಡಗು-ಚಿಕ್ಕಮಗಳೂರಿನ ಬೆಳೆಗಾರರಿಗೆ ಅಸೂಯೆಯಾಗಬಹುದಾದ ಪ್ರಚಾರ.

ಬಣ್ಣಕ್ಕೆ ತೂಕ ಬಂದ ಮೇಲೆ ಅದನ್ನು ಹೊರಲು ರಾಜಕಾರಣವೂ ಮುಂದೆ ಬರುತ್ತದೆ. 1970ರ ಗೆಲುವನ್ನು ಜನರಲ್ ಮೆಡಿಸಿಯ ಸೈನಿಕ ಸರ್ಕಾರ ತನ್ನದೆಂಬಂತೆ ಬಳಸಿಕೊಂಡಿತು. 2015-16ರಲ್ಲಿ ಅಧ್ಯಕ್ಷೆ ಡಿಲ್ಮಾ ರೂಸೆಫ್ ವಿರುದ್ಧ ಬೀದಿಗಿಳಿದವರು, ಅನಂತರ ಬಲಪಂಥೀಯ ಅಧ್ಯಕ್ಷನಾಗಿದ್ದ ಬೋಲ್ಸನಾರೊನ ಬೆಂಬಲಿಗರು ಹಳದಿ ಜೆರ್ಸಿಯನ್ನೇ ಸಮವಸ್ತ್ರ ಮಾಡಿಕೊಂಡರು. 2023ರ ಜನವರಿ 8ರಂದು ರಾಜಧಾನಿ ಬ್ರೆಸಿಲಿಯಾದ ಸಂಸತ್ತು ಮತ್ತು ನ್ಯಾಯಾಲಯದ ಕಟ್ಟಡಗಳಿಗೆ ನುಗ್ಗಿದ ಗುಂಪಿನಲ್ಲೂ ಎದ್ದು ಕಂಡದ್ದು ಅದೇ. ಬೋಲ್ಸನಾರೊನನ್ನು ಒಪ್ಪದ ಅನೇಕ ಫುಟ್‌ಬಾಲ್ ಅಭಿಮಾನಿಗಳು ಹಳದಿಯನ್ನು ಪೆಟ್ಟಿಗೆಯಲ್ಲಿಟ್ಟು ನೀಲಿಯನ್ನು ತೊಡತೊಡಗಿದರು. 2025ರ ಏಪ್ರಿಲ್‌ನಲ್ಲಿ, 2026ರ ವಿಶ್ವಕಪ್‌ಗೆ ಎರಡನೆಯ ಜೆರ್ಸಿ ಕೆಂಪಾಗಲಿದೆ ಎಂಬ ಸುದ್ದಿ ಹಬ್ಬಿದಾಗ, ಕೆಂಪು ಎಡಪಕ್ಷದ ಬಣ್ಣವೆಂದು ಎದ್ದ ಗದ್ದಲ ಎಷ್ಟಿತ್ತೆಂದರೆ, ಹಳದಿ ಮತ್ತು ನೀಲಿಯನ್ನೇ ಮುಂದುವರಿಸುತ್ತೇವೆಂದು ಒಕ್ಕೂಟ ಹೇಳಿಕೆ ಕೊಡಬೇಕಾಯಿತು. 1917ರ ಕೆಂಪು ಅಂಗಿ ಆ ಗದ್ದಲದಲ್ಲಿ ಎಷ್ಟು ಮಂದಿಗೆ ನೆನಪಾಯಿತೋ. ಬಿಳಿಯ ಬಗೆಗಿದ್ದ ಭಯ ಮಾತ್ರ ಈಗ ಹೋಗಿದೆ: 1919ರ ಗೆಲುವಿನ ಶತಮಾನೋತ್ಸವವೆಂದು 2019ರ ಕೋಪಾ ಅಮೆರಿಕದ ಉದ್ಘಾಟನಾ ಪಂದ್ಯದಲ್ಲಿ ಸಾವೊ ಪೌಲೊದಲ್ಲಿ ಬಿಳಿ ತೊಟ್ಟು ಬೊಲಿವಿಯಾವನ್ನು 3-0ರಿಂದ ಸೋಲಿಸಿದರು. 2014ರಲ್ಲಿ ತವರಿನಲ್ಲೇ ಜರ್ಮನಿಗೆ 1-7ರಿಂದ ಸೋತದ್ದು ಹಳದಿಯಲ್ಲಿ. ಆದರೂ ಹಳದಿ ಹೋಗಲಿಲ್ಲ.

ಶ್ಲೀ 2018ರ ನವೆಂಬರ್ 15ರಂದು ತೀರಿಕೊಂಡನು. ಮರುದಿನ ಲಂಡನ್‌ನಲ್ಲಿ ಬ್ರೆಜಿಲ್ ಆಡಿದ್ದು ಉರುಗ್ವೆಯೊಂದಿಗೆ.

ಇನ್ನು ನಿಮ್ಮ ಹುಡುಗರ ಅಂಗಿ. 1954ರ ಮಾದರಿ ಬೇಕಿದ್ದರೆ ಮಡಿಸುವ ಹಸಿರು ಕಾಲರ್, 1970ರದು ಬೇಕಿದ್ದರೆ ಉರುಟಾದ ಹಸಿರು ಕತ್ತುಪಟ್ಟಿ. ಎರಡರಲ್ಲೂ ತೋಳಿನ ತುದಿಗೆ ಹಸಿರು ಅಂಚು. ಬಟ್ಟೆ ಹತ್ತಿಯದಿರಲಿ, ಮಿರುಗುವ ಪಾಲಿಯೆಸ್ಟರ್‌ನಲ್ಲಿ ಹಳೆಯ ಕಳೆ ಬರುವುದಿಲ್ಲ. ಚಡ್ಡಿ ನೀಲಿ, ಬದಿಗೆ ಬಿಳಿ ಪಟ್ಟಿ, ಕಾಲುಚೀಲ ಬಿಳಿ. ಬೆನ್ನಿನ ಮೇಲೆ ಹಸಿರು ಸಂಖ್ಯೆ ಮಾತ್ರ ಸಾಕು, ಆಟಗಾರರ ಹೆಸರು ಬೇಡ. ವಿಶ್ವಕಪ್ ಅಂಗಿಯ ಮೇಲೆ ಹೆಸರು ಬಂದದ್ದು 1994ರಲ್ಲಿ. ಎದೆಯ ಮೇಲೆ ಸಿಬಿಎಫ್ ಎಂದಲ್ಲ, ಸಿಬಿಡಿ ಎಂದಿರಬೇಕು. ಅಂಗಡಿಯವರು ಅಭ್ಯಾಸಬಲದಿಂದ ಲಾಂಛನದ ಮೇಲೆ, ಗೆದ್ದ ವಿಶ್ವಕಪ್‌ಗೊಂದರಂತೆ, ಐದು ನಕ್ಷತ್ರ ಹೊಲಿಯಲು ಹೊರಡುತ್ತಾರೆ, ಮೊದಲೇ ಹೇಳಿ ತಡೆಯಿರಿ: 1954ರಲ್ಲಿ ಬ್ರೆಜಿಲ್ ಬಳಿ ಒಂದು ವಿಶ್ವಕಪ್ಪೂ ಇರಲಿಲ್ಲ.